ಮೆಟ್ಟಿಲ ಕೆಳಗಿನ ಬ್ಯಾಟರಿ

ಆ ಸಂಜೆಯೂ ಬ್ಯಾಟರಿ ಬಿಸಿಯಾಯಿತು.

ಕ್ಲಿಪ್ಪು ಕಚ್ಚಿಸಿ, ಚಾರ್ಜರಿನ ಗುಂಡಿ ಒತ್ತಿ, ಮೆಟ್ಟಿಲ ಮೇಲೆ ಕೂತಿದ್ದೆ. ಕೈಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಅಷ್ಟರಲ್ಲೇ ಬ್ಯಾಟರಿಯ ಒಳಗೆ ಗುಳುಗುಳು ಶುರುವಾಯಿತು. ಪಕ್ಕಕ್ಕೆ ಅಂಗೈ ಹಿಡಿದು ನೋಡಿದೆ, ಹೆಚ್ಚು ಹೊತ್ತು ಹಿಡಿಯಲಾಗಲಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆ ಸಣ್ಣಗೆ ಬರುತ್ತಿತ್ತು. ಗುಂಡಿ ಆರಿಸಿದೆ. ಚಾರ್ಜರಿನ ಗುಂಯ್ ಸದ್ದು ನಿಂತಿತು. ಮೇಲಿನ ಮನೆಯಿಂದ ಮಾವನ ರೇಡಿಯೋ ಕೇಳತೊಡಗಿತು. ಅವರಿಗೆ ಕಿವಿ ಮಂದ. ರೇಡಿಯೋ ಜೋರಾಗಿಯೇ ಇರುತ್ತದೆ.

ಗಾಡಿ ನನ್ನ ಗಂಡನದು. ಹೋದ ಚಳಿಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವನು ಮನೆಗೆ ನಡೆದು ಬರಲಿಲ್ಲ. ಹೋಗುವ ದಿನ ಗಾಡಿಯನ್ನು ಮೆಟ್ಟಿಲ ಕೆಳಗಿನ ಈ ಜಾಗದಲ್ಲಿ ನಿಲ್ಲಿಸಿ, ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿ, ಆಟೋ ಹತ್ತಿದ್ದ. ಕೀಲಿ ಆಮೇಲೂ ಅದೇ ಮೊಳೆಯಲ್ಲಿರುತ್ತಿತ್ತು. ದಿನಾ ಸಂಜೆ ಕೆಲಸದಿಂದ ಬಂದವಳು ಮೇಲೆ ಹೋಗಿ ಕೀಲಿ ತಂದು ತಿರುಗಿಸಿ, ಮೀಟರಿನ ಕೆಳಗಿನ ಹಸಿರು ದೀಪ ಹೊತ್ತುವುದನ್ನು ನೋಡುತ್ತಿದ್ದೆ. ದೀಪ ಹೊತ್ತಿದರೆ ಬ್ಯಾಟರಿಯಲ್ಲಿ ಜೀವವಿದೆ ಎಂದರ್ಥ. ನೋಡಿ ಆರಿಸುತ್ತಿದ್ದೆ. ಸ್ಟಾರ್ಟ್ ಮಾತ್ರ ಮಾಡಿರಲಿಲ್ಲ. ಆ ಸದ್ದು ಎಷ್ಟೇ ಮಂದ ಕಿವಿಗೂ ತಲುಪುತ್ತದೆ. ಮಗ ಬಂದನೇನೋ ಎಂದು ಮಾವ ಬಾಗಿಲಿಗೆ ಬಂದು ಇಣುಕಿಬಿಟ್ಟರೆ ನಾನು ಮೆಟ್ಟಿಲ ಕೆಳಗಿಂದ ಅವರ ಮುಖ ಹೇಗೆ ನೋಡಲಿ?

ನಮ್ಮ ನಡುವೆ ಜಗಳವೇನೂ ಇಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಹಾಲು ತಂದಿಟ್ಟಿರುತ್ತಾರೆ. ಅವರ ಊಟ ಮುಚ್ಚಿಟ್ಟು ನಾನು ಹೊರಡುತ್ತೇನೆ. ಸಂಜೆ ತಟ್ಟೆ ತೊಳೆದು ಬೋರಲು ಹಾಕಿರುತ್ತಾರೆ. "ಹೊರಟೆ ಮಾವ", "ಹೂಂ", "ಬಂದೆ ಮಾವ", "ಹೂಂ." ಮಧ್ಯದಲ್ಲಿದ್ದವನು ಮಾತುಗಾರ. ಅವರದನ್ನು ನನಗೂ ನನ್ನದನ್ನು ಅವರಿಗೂ ಅವನೇ ದಾಟಿಸುತ್ತಿದ್ದ. ಅವನು ಹೋದ ಮೇಲೆ ಮಾತು ಎಲ್ಲಿಂದ ಶುರುಮಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಶುರುಮಾಡುವುದೇ ವಿಚಿತ್ರವೆನಿಸತೊಡಗಿತು.

ನಾದಿನಿ ಬೇರೆ ಊರಿನಲ್ಲಿದ್ದಾಳೆ. ಅವಳು ಫೋನು ಮಾಡಿದ್ದು ತಿಂಗಳ ಮೊದಲಲ್ಲಿ.

"ಅತ್ತಿಗೆ, ಆ ಗಾಡೀನ ನಮ್ಮವರು ಮೂರನೇ ಭಾನುವಾರ ಬಂದು ತಗೊಂಡು ಹೋಗ್ತಾರೆ. ನೀವು ಬೇಜಾರು ಮಾಡ್ಕೋಬೇಡಿ. ಅಪ್ಪನಿಗೆ ಅದನ್ನ ನೋಡಿದ್ರೆ ಸಂಕಟ. ಬಾಯಿಬಿಟ್ಟು ಹೇಳಲ್ಲ, ನಿಮಗೆ ಗೊತ್ತಲ್ಲ ಅವರ ಸ್ವಭಾವ."

"ಗೊತ್ತು," ಎಂದೆ.

"ನಿಂತಲ್ಲೇ ತುಕ್ಕು ಹಿಡಿಯೋದಕ್ಕಿಂತ ಓಡೋದು ಒಳ್ಳೇದು. ಅಣ್ಣನೂ ಅದನ್ನೇ ಹೇಳ್ತಿದ್ದ ಅನ್ಸುತ್ತೆ."

"ಹೌದು, ಅದನ್ನೇ ಹೇಳ್ತಿದ್ದ."

"ಸ್ಟಾರ್ಟ್ ಆಗುತ್ತಾ? ಇಲ್ಲಾಂದ್ರೆ ಟೆಂಪೋ ತರ್ತಾರಂತೆ. ಹಗ್ಗ ಕಟ್ಟಿ ಮಲಗಿಸ್ಕೊಂಡು ಹೋದ್ರಾಯ್ತು."

"ಆಗುತ್ತೆ," ಎಂದೆ. "ಟೆಂಪೋ ಬೇಡ."

ಗಾಡಿ ಕೊಡುವುದಕ್ಕೆ ನನ್ನದೇನೂ ಅಡ್ಡಿ ಇರಲಿಲ್ಲ. ಆದರೆ ಹಗ್ಗ ಕಟ್ಟಿ ಮಲಗಿಸಿಕೊಂಡು ಎಂಬ ಮಾತು ಎದೆಯಲ್ಲಿ ಕೂತುಬಿಟ್ಟಿತು. ಈ ಮೆಟ್ಟಿಲುಗಳಿಂದ ಒಬ್ಬನನ್ನು ನಾಲ್ಕು ಜನ ಹೊತ್ತು ಇಳಿಸಿದ್ದನ್ನು ನೋಡಿದ್ದೇನೆ. ಗಾಡಿಯಾದರೂ ತನ್ನ ಕಾಲ ಮೇಲೆ, ತನ್ನ ಸದ್ದು ತಾನೇ ಮಾಡಿಕೊಂಡು ಈ ಬೀದಿ ದಾಟಬೇಕು. ಅದು ಕಿಕ್ ಇಲ್ಲದ ಗಾಡಿ. ಗುಂಡಿ ಒತ್ತಿದರೆ ಬ್ಯಾಟರಿ ಎಂಜಿನ್ನನ್ನು ತಿರುಗಿಸಬೇಕು. ಬ್ಯಾಟರಿ ಇಲ್ಲವೆಂದರೆ ತಳ್ಳುವುದೊಂದೇ ದಾರಿ.

ಆದ್ದರಿಂದ ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದವಳು ಮೇಲಿಂದ ಮೇಲೆ ಮಾಡತೊಡಗಿದೆ. ಬ್ಯಾಟರಿ ಬಿಸಿಯಾಗತೊಡಗಿದ್ದೂ ಆಗಲೇ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಇದನ್ನೂ ಹಾಗೆಯೇ ಹುಡುಕಲು ಹೊರಟೆ. ಮೊದಲು ಚಾರ್ಜರಿನ ಜೊತೆ ಬಂದಿದ್ದ ಮಡಿಕೆಯ ಹಾಳೆಯನ್ನು ಬಿಡಿಸಿ ಓದಿದೆ. ಅದರಲ್ಲಿ ಹನ್ನೊಂದು ಅಕ್ಷರತಪ್ಪು ಸಿಕ್ಕಿದವು, ಬ್ಯಾಟರಿಯ ತಪ್ಪು ಸಿಗಲಿಲ್ಲ. ಚಾರ್ಜರಿಗೆ ಕಾರು, ಬೈಕು ಎಂದು ಎರಡು ಕಡೆ ತಿರುಗುವ ಒಂದು ತಿರುಪು ಇದೆ. ಅದು ಬೈಕಿನ ಕಡೆಗೇ ಇತ್ತು. ಕೆಂಪು ಕ್ಲಿಪ್ಪು ಕೆಂಪಿಗೆ, ಕಪ್ಪು ಕಪ್ಪಿಗೆ. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಹಿಟ್ಟಿನಂಥದ್ದು ಕಟ್ಟಿತ್ತು, ಬಿಸಿನೀರಿನಲ್ಲಿ ಒರೆಸಿ ತೆಗೆದೆ. ಹಬೆ ಹೊರಹೋಗುವ ಸಣ್ಣ ಕೊಳವೆ ಮಡಚಿಕೊಂಡಿದೆಯೇನೋ ಎಂದು ಊದಿ ನೋಡಿದೆ. ಗಾಳಿ ಸಲೀಸಾಗಿ ಹೋಯಿತು. ಮುಚ್ಚಳಗಳನ್ನು ಬಿಚ್ಚಿ ಟಾರ್ಚು ಹಿಡಿದೆ. ನೀರು ಗೆರೆಗಿಂತ ಕೆಳಗೆ ಇಳಿದಿತ್ತು. ಬಟ್ಟಿ ಇಳಿಸಿದ ನೀರು ತಂದು ತುಂಬಿಸಿದೆ. ಕೆಲವೇ ದಿನಕ್ಕೆ ಮತ್ತೆ ಇಳಿಯಿತು. ಎಲ್ಲಿಯೂ ಸೋರಿರಲಿಲ್ಲ, ನೆಲ ಒಣಗಿತ್ತು.

ಚಾರ್ಜರೇ ಕೆಟ್ಟಿರಬಹುದು ಎಂದು ಅದನ್ನು ಎದುರು ಬೀದಿಯ ಟೈಲರಮ್ಮನ ಅಂಗಡಿಗೆ ಒಯ್ದು ಅವಳ ಸ್ಕೂಟರಿಗೆ ಹಾಕಿ ನೋಡಿದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಗ್ಗಿ ನೋಡಿದಳು.

"ಇದೇನ್ರೀ, ಗಾಡಿ ಓಡ್ಸೋಕೆ ಬರಲ್ಲ ಅಂತೀರಾ, ಡಾಕ್ಟ್ರ ಥರ ನಾಡಿ ಹಿಡ್ಕೊಂಡು ಕೂತಿದೀರಲ್ಲ!"

"ಬಿಸಿ ಆಗುತ್ತಾ ನೋಡ್ಬೇಕಿತ್ತು."

"ನನ್ನ ಸ್ಕೂಟರ್ ಏನಾದ್ರೂ ಸುಟ್ಟುಹೋದ್ರೆ ದಿನಾ ನಿಮ್ಮ ಹೆಗಲ ಮೇಲೆ ಕೂತ್ಕೊಂಡು ಮಾರ್ಕೆಟ್ಟಿಗೆ ಹೋಗ್ತೀನಿ, ಹೇಳಿರ್ತೀನಿ."

ಅವಳ ಬ್ಯಾಟರಿ ತಣ್ಣಗೇ ಇತ್ತು. ಚಾರ್ಜರಿನ ಮೀಟರಿನ ಮುಳ್ಳು ಮೊದಲು ಮೇಲೇರಿ ಬರಬರುತ್ತ ಇಳಿಯಿತು, ಹಾಳೆಯಲ್ಲಿ ಬರೆದ ಹಾಗೆಯೇ. ಅಂದರೆ ಚಾರ್ಜರಿನಲ್ಲಿ ದೋಷವಿಲ್ಲ. ರೋಗ ನಮ್ಮ ಬ್ಯಾಟರಿಯದೇ ಎಂದಾಯಿತು. ರೋಗವಿರುವುದನ್ನು ಇನ್ನಷ್ಟು ಜೋಪಾನ ಮಾಡಬೇಕಲ್ಲ. ಬಿಸಿಯಾಯಿತೆಂದು ಅರ್ಧಕ್ಕೇ ತೆಗೆಯುತ್ತಿದ್ದೆ. ಅರ್ಧಕ್ಕೇ ತೆಗೆದದ್ದರಿಂದ ತುಂಬಿರುವುದಿಲ್ಲ ಎಂದು ಒಂದು ದಿನ ಬಿಟ್ಟು ಮತ್ತೆ ಹಾಕುತ್ತಿದ್ದೆ.

ಇದನ್ನೆಲ್ಲ ಮಾವನಿಗೆ ಹೇಳಿದ್ದರೆ ಒಂದು ನಿಮಿಷದ ಮಾತು. ಅವರು ಇಡೀ ಸರ್ವೀಸು ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ. ಊರಿಗೆಲ್ಲ ಕರೆಂಟು ಹೋದರೂ ಫೋನು ಸಾಯದಂತೆ ಸಾಲುಸಾಲು ಗಾಜಿನ ಜಾಡಿಗಳನ್ನು ಕಾಯುವ ಕೆಲಸ. ಆದರೆ ಗಾಡಿ ನೋಡಿದರೆ ಅವರಿಗೆ ಸಂಕಟವೆಂದು ನಾದಿನಿ ಹೇಳಿದ್ದಳು. ಸಂಕಟವನ್ನು ಎತ್ತಿಕೊಂಡು ಹೋಗಿ ಅವರ ಮುಂದಿಟ್ಟು ಇದಕ್ಕೇನು ಮಾಡಲಿ ಎಂದು ಕೇಳುವುದು ನನ್ನಿಂದಾಗಲಿಲ್ಲ.

ಒಂದು ಸಂಗತಿ ಮಾತ್ರ ಆಗಾಗ ಕಣ್ಣಿಗೆ ಬೀಳುತ್ತಿತ್ತು. ನಾನು ಚಾರ್ಜರಿನ ವೈರನ್ನು ಸುಮ್ಮನೆ ಮುದ್ದೆ ಮಾಡಿ ಗೂಡಿನಲ್ಲಿ ತುರುಕುತ್ತಿದ್ದೆ. ಸಂಜೆ ನೋಡಿದರೆ ಅದು ಮೊಣಕೈಗೂ ಬೆರಳಿಗೂ ನಡುವೆ ಸುತ್ತಿ ತೆಗೆದಂತೆ ಎಂಟರ ಆಕಾರದಲ್ಲಿ ಮಲಗಿರುತ್ತಿತ್ತು, ನಡುವೆ ಬಟ್ಟೆಯ ಚೂರಿನ ಗಂಟು. ನಾನೇ ಯಾವಾಗಲೋ ಹಾಗೆ ಕಟ್ಟಿರಬೇಕು ಎಂದುಕೊಂಡೆ. ಒಬ್ಬಳೇ ಇದ್ದು ಇದ್ದು ಈಚೆಗೆ ನಾನು ಮಾಡಿದ್ದು ಯಾವುದು, ಮಾಡಬೇಕೆಂದುಕೊಂಡದ್ದು ಯಾವುದು ಎಂಬುದು ಕಲಸಿಹೋಗುತ್ತದೆ. ಗ್ಯಾಸ್ ಆರಿಸಿದೆನೋ ಎಂದು ಬೀದಿಯ ಕೊನೆಯಿಂದ ಹಿಂದಿರುಗಿದ್ದೂ ಇದೆ.

ಭಾನುವಾರ ಹತ್ತಿರ ಬಂತು. ಶುಕ್ರವಾರ ಅಚ್ಚುಕೂಟಕ್ಕೆ ತಡವಾಗಿ ಬರುತ್ತೇನೆಂದು ಹೇಳಿ, ಮಾವ ಸ್ನಾನಕ್ಕೆ ಹೋದಾಗ ಕೆಳಗಿಳಿದೆ. ಪಕ್ಕದ ಮುಚ್ಚಳ ತೆಗೆದು, ಮೊದಲು ಕಪ್ಪು ವೈರು, ಆಮೇಲೆ ಕೆಂಪು ಎಂದು ಬಿಚ್ಚಿ, ಬ್ಯಾಟರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬುಟ್ಟಿ ನೆಲಕ್ಕಿಟ್ಟರೆ ಆಸಿಡ್ಡು ಚೆಲ್ಲೀತೆಂದು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡೆ.

ಕಂಡಕ್ಟರ್ ಟಿಕೆಟ್ ಹರಿಯುತ್ತ ಟವೆಲ್ಲು ನೋಡಿ ನಕ್ಕ. "ಕೂಸು ಮಲಗಿದೆಯೇನಮ್ಮಾ? ಇಷ್ಟು ಜೋಪಾನ!"

ನಾನೂ ನಗಬೇಕಿತ್ತು. ನಮಗೆ ಮಕ್ಕಳಾಗಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ. ಎರಡು ನಿಲ್ದಾಣ ದಾಟಿದ ಮೇಲೆ ಟವೆಲ್ಲಿನ ಒಳಗೆ ಕೈಯಿಟ್ಟು ನೋಡಿದೆ. ನಿನ್ನೆ ಸಂಜೆಯ ಕಾವೆಲ್ಲ ಇಳಿದು ತಣ್ಣಗಾಗಿತ್ತು.

ಬ್ಯಾಟರಿ ಅಂಗಡಿಯವನನ್ನು ಎಲ್ಲರೂ ಆಸಿಡ್ ಮಾಮ ಎನ್ನುತ್ತಾರೆ. ಅವನ ಅಂಗಿಯಲ್ಲಿ ಬಟ್ಟೆಗಿಂತ ತೂತುಗಳೇ ಹೆಚ್ಚು. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ: ಕರಡಿನ ಹಾಗೆ ಒಂದೊಂದಾಗಿ, ತಿರುಪು, ಕ್ಲಿಪ್ಪು, ಕೊಳವೆ, ನೀರು. ಅವನು ಆಕಳಿಸುತ್ತ ಕೇಳಿದ. ಆಮೇಲೆ ಮುಚ್ಚಳ ತೆಗೆದು, ರಬ್ಬರ್ ಉಂಡೆಯ ಗಾಜಿನ ಕೊಳವೆಯಿಂದ ಒಂದೊಂದು ಕೋಣೆಯ ದ್ರಾವಣವನ್ನು ಹೀರಿ ಬೆಳಕಿಗೆ ಹಿಡಿದ.

"ದಿನಕ್ಕೆ ಎಷ್ಟು ಸಲ ಹಾಕ್ತೀರಿ ಚಾರ್ಜಿಗೆ?"

"ದಿನಕ್ಕಾ? ಮೊದಲು ವಾರಕ್ಕೆ ಒಂದ್ಸಲ. ಈಚೆಗೆ ಒಂದು ದಿನ ಬಿಟ್ಟು ಒಂದು ದಿನ."

"ಬಿಡಮ್ಮ, ನನ್ನ ಹತ್ರ ಯಾಕೆ ಮುಚ್ಚುಮರೆ? ಇದು ಬೆಳಗ್ಗೆ ಸಾಯಂಕಾಲ ತಿಂದಿರೋ ಹೊಟ್ಟೆ."

"ನಾನು ಸುಳ್ಳು ಹೇಳ್ತಿಲ್ಲ. ಬಿಸಿ ಆದ ಕೂಡ್ಲೇ ತೆಗೀತಿದ್ದೆ."

"ನೀವು ತೆಗೀತೀರಿ, ಸರಿ. ಹಾಕ್ತಾ ಇರೋದು ಯಾರು?" ಎಂದು ಅವನು ಬ್ಯಾಟರಿಯ ಪಕ್ಕವನ್ನು ಉಗುರಿನಿಂದ ತಟ್ಟಿದ. ಅದು ಸ್ವಲ್ಪ ಉಬ್ಬಿತ್ತು. "ನೋಡಿ, ಇದಕ್ಕೆ ರೋಗಗೀಗ ಏನೂ ಇಲ್ಲ. ತುಂಬಿದ್ದಕ್ಕೆ ಮತ್ತೆ ತುಂಬಿಸ್ತಿದೀರಿ. ಹೋಗೋಕೆ ಜಾಗ ಇಲ್ದೆ ಕರೆಂಟೆಲ್ಲ ಬಿಸಿಯಾಗಿ ನೀರು ಕುದಿಸ್ತಿದೆ. ನೀರು ಹಾರಿಹೋಗುತ್ತೆ, ಒಳಗಿನ ತಗಡು ನೀರಿಂದ ಹೊರಗೆ ಬರುತ್ತೆ, ಇನ್ನೂ ಬಿಸಿ. ನಿಮ್ಮ ಚಾರ್ಜರು ಹಳೇ ಕಾಲದ್ದು, ಸಾಕು ಅಂತ ತಾನಾಗೇ ನಿಲ್ಲಿಸಲ್ಲ."

"ಭಾನುವಾರ ಗಾಡಿ ಸ್ಟಾರ್ಟ್ ಆಗ್ಬೇಕು."

"ಆಗುತ್ತೆ. ಒಂದು ಕೋಣೆ ಸ್ವಲ್ಪ ಸೊರಗಿದೆ, ಪರವಾಗಿಲ್ಲ. ನೀರು ಹಾಕ್ಕೊಟ್ಟಿದೀನಿ. ಇವತ್ತು ಮುಟ್ಟಲೇಬೇಡಿ. ನಾಳೆ ಒಂದೇ ಒಂದು ಸಲ, ಪಕ್ಕದಲ್ಲೇ ಕೂತು, ಸಣ್ಣಗೆ ಗುಳ್ಳೆ ಬಂದ ತಕ್ಷಣ ತೆಗೀರಿ. ಇನ್ನೊಂದ್ಸಲ ಹಿಂಗೆ ಕಾಯಿಸಿದ್ರೆ ಅಲ್ಲಿಗೆ ಮುಗೀತು, ಯಾವ ದೇವರು ಬಂದ್ರೂ ಏಳಲ್ಲ."

ಬಸ್ಸಿನಲ್ಲಿ ಹಿಂದಿರುಗುವಾಗ ಅವನ ಮೇಲೆ ಸಿಟ್ಟಿತ್ತು. ನಾನು ಮರೆಗುಳಿ ಎಂದೇ ಅವನು ಹೇಳಿದಂತಾಗಿತ್ತು. ಹಾಕಿ ಮರೆತು ಮತ್ತೆ ಹಾಕುತ್ತಿದ್ದೇನೆಯೇ? ಒಂದೊಂದು ಸಂಜೆಯನ್ನೂ ನೆನೆಸಿಕೊಂಡೆ. ಎಲ್ಲ ಸಂಜೆಗಳೂ ಒಂದೇ ಥರ ಇದ್ದವು, ಯಾವುದು ಯಾವುದೆಂದು ಬಿಡಿಸಲಾಗಲಿಲ್ಲ. ನಿಜವಾಗಿಯೂ ಭಯವಾಯಿತು.

ಗೇಟು ತೆಗೆದಾಗ ಮೆಟ್ಟಿಲ ಕೆಳಗೆ ಯಾರೋ ನಿಂತಿದ್ದರು.

ಮಾವ. ಪಂಚೆಯನ್ನು ಮೇಲಕ್ಕೆ ಕಟ್ಟಿದ್ದರು, ಒಂದು ಕೈಯಲ್ಲಿ ಕೆಂಪು ಕ್ಲಿಪ್ಪು, ಇನ್ನೊಂದರಲ್ಲಿ ಕಪ್ಪು. ವೈರಿನ ಗಂಟು ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಗಾಡಿಯ ಪಕ್ಕದ ಖಾಲಿ ಗೂಡನ್ನೇ ನೋಡುತ್ತಿದ್ದರು. ನನ್ನ ಹೆಜ್ಜೆ ಕೇಳಿಸಿರಲಿಲ್ಲ. ಹತ್ತಿರ ಹೋದಾಗ ತಿರುಗಿದರು.

"ಬ್ಯಾಟರಿ ಇಲ್ಲಮ್ಮ," ಎಂದರು. "ಯಾರೋ ಬಿಚ್ಕೊಂಡು ಹೋಗಿದಾರೆ. ನಾನು ಮೇಲೇ ಇದ್ದೆ, ಕೇಳಿಸ್ಲೇ ಇಲ್ಲ ನೋಡು."

ನಾನು ಬುಟ್ಟಿಯ ಟವೆಲ್ಲನ್ನು ಸರಿಸಿ ತೋರಿಸಿದೆ.

ಅವರು ಬ್ಯಾಟರಿಯನ್ನು ನೋಡಿದರು, ನನ್ನನ್ನು ನೋಡಿದರು. ಕ್ಲಿಪ್ಪುಗಳು ಇನ್ನೂ ಕೈಯಲ್ಲೇ ಇದ್ದವು.

"ನೀನಾ?"

"ರಿಪೇರಿಗೆ ಒಯ್ದಿದ್ದೆ ಮಾವ. ಚಾರ್ಜ್ ಮಾಡಿದ್ರೆ ಬಿಸಿ ಆಗ್ತಿತ್ತು."

"ಬಿಸಿ ಆಗ್ತಿತ್ತು," ಎಂದರು ಅವರೂ. "ಹಾಕಿದ ಕೂಡ್ಲೇ ಕುದಿ ಬರ್ತಿತ್ತು. ಒಂದು ಕೋಣೆ ಹೋಗಿದೆ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಸ್ವಲ್ಪಸ್ವಲ್ಪ ಹಾಕಿ ತೆಗೀತಿದ್ದೆ. ಮಧ್ಯಾಹ್ನ."

"ನಾನು ಸಂಜೆ."

ಅವರು ಮೆಟ್ಟಿಲ ಮೇಲೆ ಕೂತರು. ನಾನೂ ಬುಟ್ಟಿ ಇಳಿಸಿ ಎರಡು ಮೆಟ್ಟಿಲು ಕೆಳಗೆ ಕೂತೆ. ಬೀದಿಯಲ್ಲಿ ಟೈಲರಮ್ಮನ ಮಿಷಿನ್ನು ಒಂದೇ ಸಮನೆ ಓಡುತ್ತಿತ್ತು. ನನಗೆ ನಗು ಬರಬೇಕೋ ಏನು ಬರಬೇಕೋ ತಿಳಿಯಲಿಲ್ಲ. ಅವರಿಗೂ ಹಾಗೇ ಆಗಿರಬೇಕು. ಕ್ಲಿಪ್ಪಿನ ಹಲ್ಲುಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದರು.

"ನಿಮಗೆ ಗಾಡಿ ನೋಡಿದ್ರೆ ಸಂಕಟ ಆಗುತ್ತಂತಲ್ಲ," ಎಂದೆ ಕೊನೆಗೆ.

"ಯಾರು ಹೇಳಿದ್ದು? ನಿನಗೆ ಆಗುತ್ತೆ ಅಂತ ಅವಳು ಹೇಳಿದ್ಲು. ಗಾಡಿ ಹೆಸರೆತ್ತಿದ್ರೆ ಅತ್ತಿಗೆ ಅಳ್ತಾರೆ, ಸುಮ್ನಿರಿ ಅಪ್ಪ ಅಂದ್ಲು."

"ನಾನು ಅತ್ತಿಲ್ಲ."

"ನಂಗೆ ಹೆಂಗೆ ಗೊತ್ತಾಗ್ಬೇಕಮ್ಮ, ಕಿವಿ ಕೇಳಲ್ಲ." ಅವರು ಇದನ್ನು ತಮಾಷೆಗೆ ಹೇಳಿದರೋ ಹೇಗೋ. ಕ್ಲಿಪ್ಪುಗಳನ್ನು ಕೆಳಗಿಟ್ಟು, "ಅಳಿಯಂದಿರಿಗೆ ಕೊಡೋದು ಒಳ್ಳೇದೇ. ಓಡ್ಲಿ. ಆದ್ರೆ ಇಲ್ಲಿಂದ ತಳ್ಕೊಂಡು ಹೋಗ್ಬಾರ್ದು ಅಂತ ನಂಗೊಂದು..." ಎಂದು ನಿಲ್ಲಿಸಿದರು.

ಆ ವಾಕ್ಯವನ್ನು ಮುಗಿಸುವ ಅಗತ್ಯವಿರಲಿಲ್ಲ. ಅದು ನನ್ನ ಬಳಿಯೂ ಇತ್ತು. ಅಷ್ಟು ದಿನವೂ ಒಂದೇ ಮಾತನ್ನು ಅವರು ಮೇಲೆ ಕೂತು, ನಾನು ಕೆಳಗೆ ಕೂತು ಕಾಯುತ್ತಿದ್ದೆವು.

"ಎಕ್ಸ್‌ಚೇಂಜಲ್ಲಿ ಹಿಂಗೇ ಒಂದ್ಸಲ ಆಗಿತ್ತು," ಎಂದರು. "ಬೆಳಗಿನ ಪಾಳಿಯವನು ಒಂದು ಸಾಲಿಗೆ ಚಾರ್ಜ್ ಕೊಟ್ಟು ಹೋದ. ಸಾಯಂಕಾಲದವನಿಗೆ ಗೊತ್ತಿಲ್ಲ, ಮತ್ತೆ ಕೊಟ್ಟ. ಜಾಡಿ ಬಿರುಕುಬಿಟ್ಟು ಕೋಣೆ ತುಂಬ ಆಸಿಡ್ಡು. ಇಬ್ರೂ ಒಳ್ಳೆ ಕೆಲಸಗಾರರೇ. ಇಬ್ರಿಗೂ ಮಾತಿಲ್ಲ, ಏನೋ ಹಳೇ ಮುನಿಸು."

"ಆಮೇಲೆ?"

"ಆಮೇಲೆ ಬಿಲ್ಲೆ ಬಂತು. ಇರು."

ಮೇಲೆ ಹೋದರು. ಕಪಾಟಿನ ಬಾಗಿಲು ಕಿರ್ರೆಂದದ್ದು, ಡಬ್ಬಿಗಳು ಉರುಳಿದ್ದು ಕೇಳಿಸಿತು. ಇಳಿದು ಬಂದಾಗ ಅಂಗೈಯಲ್ಲಿ ಒಂದು ತಗಡಿನ ಬಿಲ್ಲೆ ಇತ್ತು, ಗುಂಡಗೆ, ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು, ಮೇಲ್ತುದಿಯಲ್ಲಿ ತೂತು. ನಿವೃತ್ತಿಯ ದಿನ ಹಿಂದಿರುಗಿಸಲು ಮರೆತದ್ದಂತೆ.

"ಇದು ಯಾರ ಕೈಲಿದೆಯೋ ಅವರೊಬ್ಬರೇ ಚಾರ್ಜ್ ಮುಟ್ಟಬೇಕು. ಮೇಜಿನ ಮೇಲೆ ಇಟ್ಟು ಹೋಗೋ ಹಾಗಿಲ್ಲ, ಇನ್ನೊಬ್ಬರ ಹತ್ರ ಕೊಟ್ಟು ಕಳಿಸೋ ಹಾಗಿಲ್ಲ. ಕೈಯಿಂದ ಕೈಗೆ ಕೊಡ್ಬೇಕು. ಕೊಡೋವ್ನು 'ಕೊಟ್ಟೆ' ಅನ್ಬೇಕು, ತಗೊಳ್ಳೋವ್ನು 'ತಗೊಂಡೆ' ಅನ್ಬೇಕು. ಬಾಯಿಬಿಟ್ಟು. ಮುನಿಸಿದ್ರೂ ಸರಿ."

"ಆ ಇಬ್ಬರೂ ಅಂದ್ರಾ?"

"ಅನ್ನದೆ? ಎಷ್ಟು ವರ್ಷ ಆ ಎರಡು ಮಾತು ಬಿಟ್ಟು ಬೇರೆ ಆಡ್ಲಿಲ್ಲ. ಊರೆಲ್ಲ ಮಾತಾಡ್ತಿತ್ತು ನಮ್ಮ ಕರೆಂಟಲ್ಲಿ, ನಾವು ಸುಮ್ನೆ ಕೂತಿರ್ತಿದ್ವಿ." ಅವರು ಸಣ್ಣಗೆ ನಕ್ಕರು. ಮುನಿಸಿದ್ದ ಇಬ್ಬರಲ್ಲಿ ಒಬ್ಬರು ಇವರೇ ಇರಬಹುದೇ ಎಂದು ನನಗನಿಸಿತು. ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಅಚ್ಚುಕೂಟ ಬೇಗ ಮುಚ್ಚುತ್ತದೆ. ನಾನು ಬರುವಾಗ ಅವರು ಬ್ಯಾಟರಿಯನ್ನು ಗಾಡಿಗೆ ಮತ್ತೆ ಜೋಡಿಸಿ, ಚಾರ್ಜ್ ಹಾಕಿ ಮಣೆಯ ಮೇಲೆ ಕೂತಿದ್ದರು. ಬಿಲ್ಲೆ ಕೊಟ್ಟರು. "ಕೊಟ್ಟೆ." "ತಗೊಂಡೆ." ಅವರು ಊಟಕ್ಕೆ ಮೇಲೆ ಹೋದರು. ನಾನು ಬ್ಯಾಟರಿಯ ಪಕ್ಕಕ್ಕೆ ಕೈ ಹಿಡಿದು ಕೂತೆ. ಮನೆಯ ಗೋಡೆ ಬಿಸಿಲಿಗೆ ಕಾದಷ್ಟೇ ಕಾವು. ಗುಳ್ಳೆ ಸಣ್ಣಗೆ ಕೇಳಿದ ಕೂಡಲೇ ತೆಗೆದೆ. ವೈರನ್ನು ಮುದ್ದೆ ಮಾಡಲು ಹೋಗಿ ನಿಂತೆ, ಎಂಟರ ಆಕಾರದಲ್ಲಿ ಸುತ್ತಲು ನೋಡಿದೆ, ಬರಲಿಲ್ಲ. ಮೆಟ್ಟಿಲ ಮೇಲಿಂದ ಮಾವ ನೋಡುತ್ತಿದ್ದರು.

"ಬಿಡು, ನಿಧಾನ ಕಲೀಬಹುದು," ಎಂದರು.

ಭಾನುವಾರ ಬೆಳಗ್ಗೆ ಅಳಿಯ ಬಸ್ಸಿನಲ್ಲಿ ಬಂದ, ಹೆಲ್ಮೆಟ್ಟೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಡಬ್ಬಿಯಲ್ಲಿ ಹೊಸ ಪೆಟ್ರೋಲು ಹಿಡಿದುಕೊಂಡು. ಒಳ್ಳೆಯ ಮನುಷ್ಯ, ಸುಮ್ಮನಿರಲು ಬಾರದು. ಹಳೆಯ ಪೆಟ್ರೋಲು ಇಳಿಸಿ ಹೊಸದು ಹಾಕುತ್ತ, ದಾರಿಯುದ್ದಕ್ಕೂ ಬಸ್ಸು ಕುಲುಕಿದ ಕಥೆ ಹೇಳಿದ. ಕೀಲಿ ತಿರುಗಿಸಿ, ಮುಂದಿನ ದೊಡ್ಡ ದೀಪ ಹೊತ್ತಿಸಿ, "ಅಬ್ಬಾ, ಬೆಳಕು ನೋಡಿ ಮಾವ!" ಎಂದ. ಆಮೇಲೆ ಕನ್ನಡಿ ತಿರುಗಿಸಿದ, ಹಾರನ್ ಒತ್ತಿದ, ಕ್ಲಚ್ಚಿನ ಕಂಬಿ ಎಳೆದು ನೋಡಿದ, ಹೆಂಡತಿಗೆ ಫೋನು ಮಾಡಿ ತಲುಪಿದೆ ಎಂದ. ಬ್ಯಾಟರಿಯನ್ನು ಕುಡಿಯುತ್ತ ದೀಪ ಹೊತ್ತಿಕೊಂಡೇ ಇತ್ತು. ನಾನೂ ಮಾವನೂ ಒಬ್ಬರನ್ನೊಬ್ಬರು ನೋಡಿದೆವು, ಹೇಳಲು ಸಂಕೋಚ.

ಕೊನೆಗೆ ಗುಂಡಿ ಒತ್ತಿದ. ಎಂಜಿನ್ನು ಒಂದು ಸಲ ನರಳಿತು. ಮತ್ತೆ ಒತ್ತಿದ. ಟಕ್, ಟಕ್, ಅಷ್ಟೇ.

"ಹೋಯ್ತು ಬಿಡಿ," ಎಂದ ಹೆಲ್ಮೆಟ್ಟು ಹಾಕುತ್ತ. "ಇಳಿಜಾರಿದೆಯಲ್ಲ, ಒಂದು ದೂಡು ದೂಡಿದ್ರೆ ಓಡುತ್ತೆ. ಮಾವ, ನೀವು ಹಿಂದಿಂದ..."

"ದೂಡಬೇಡಿ!"

ಮಾವನ ಅಷ್ಟು ದೊಡ್ಡ ದನಿ ಕೇಳಿ ಎದುರು ಅಂಗಡಿಯ ಹೊಲಿಗೆ ಮಿಷಿನ್ನು ನಿಂತಿತು. ಅಳಿಯ ಹೆಲ್ಮೆಟ್ಟಿನೊಳಗಿಂದ ಕಣ್ಣು ಬಿಟ್ಟ.

ನಾನು ಮುಂದೆ ಹೋಗಿ ದೀಪ ಆರಿಸಿದೆ. ಕೀಲಿಯನ್ನೂ ತಿರುಗಿಸಿ ಆರಿಸಿದೆ. "ಸ್ವಲ್ಪ ಹೊತ್ತು ಸುಮ್ನೆ ಬಿಡಿ," ಎಂದೆ.

"ಅಕ್ಕ, ನಿಮಗೆ ಗಾಡಿ ಓಡ್ಸೋಕೆ ಬರುತ್ತಾ?"

"ಇಲ್ಲ. ಚಾರ್ಜ್ ಮಾಡೋಕೆ ಬರುತ್ತೆ. ಹದಿನೈದು ದಿನದಿಂದ ಅದೇ ಕೆಲಸ, ಇಬ್ಬರಿಗೂ."

ಅವನು ಹೆಲ್ಮೆಟ್ಟು ತೆಗೆದು ಸೀಟಿನ ಮೇಲಿಟ್ಟ. ನಾವು ಮೂವರೂ ಗಾಡಿಯ ಸುತ್ತ ನಿಂತೆವು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಬ್ಯಾಟರಿಯನ್ನೂ ಒಂದಿಷ್ಟು ಹೊತ್ತು ಯಾರೂ ಏನೂ ಕೇಳದೆ ಬಿಡಬೇಕಾಗುತ್ತದೆ. ಆಮೇಲೆ ನನ್ನ ಮುಷ್ಟಿಯಲ್ಲಿದ್ದ ಬಿಲ್ಲೆಯನ್ನು ಮಾವನ ಕೈಗಿಟ್ಟೆ.

"ಕೊಟ್ಟೆ."

ಅವರು ನನ್ನನ್ನೇ ನೋಡಿದರು. "ತಗೊಂಡೆ," ಎಂದರು.

ಬಿಲ್ಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಗಾಡಿಯ ಪಕ್ಕ ನಿಂತು ಚೋಕಿನ ಕೊಕ್ಕೆ ಎಳೆದು, ಕೀಲಿ ತಿರುಗಿಸಿ, ಹಸಿರು ದೀಪ ಹೊತ್ತುವುದನ್ನು ಕಾದು, ಹೆಬ್ಬೆರಳು ಒತ್ತಿದರು. ಎಂಜಿನ್ನು ನರಳಿತು, ಇನ್ನೊಮ್ಮೆ ನರಳಿತು, ಹಿಡಿದುಕೊಂಡಿತು.

ಮೆಟ್ಟಿಲ ಕೆಳಗಿನ ಆ ಇಕ್ಕಟ್ಟಿನಲ್ಲಿ ಸದ್ದು ಗೋಡೆಗೋಡೆಗೆ ಬಡಿಯಿತು. ನನ್ನ ಗಂಡ ಸಂಜೆ ಬರುವಾಗ ಹೀಗೇ ಬಡಿಯುತ್ತಿತ್ತು, ನಾನು ಒಲೆ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದೆ. ಈಗ ಬಾಗಿಲಿಗೆ ಬರುವವರು ಯಾರೂ ಇರಲಿಲ್ಲ, ನಾವಿಬ್ಬರೂ ಕೆಳಗೇ ಇದ್ದೆವು. ಮಾವ ಅಂಗೈಯನ್ನು ಟ್ಯಾಂಕಿನ ಮೇಲೆ ಒತ್ತಿ ಹಿಡಿದಿದ್ದರು. ಮಂದ ಕಿವಿಗಿಂತ ಅಂಗೈಗೆ ಚೆನ್ನಾಗಿ ಕೇಳುತ್ತಿತ್ತೋ ಏನೋ.

ಅಳಿಯ ಹತ್ತಿ ಹೊರಟ. ಗೇಟು ದಾಟಿದ, ಟೈಲರಮ್ಮನ ಅಂಗಡಿ ದಾಟಿದ, ತಿರುವಿನಲ್ಲಿ ಕಾಣದಾದ. ಸದ್ದು ಇನ್ನಷ್ಟು ದೂರ ಉಳಿದಿತ್ತು. ನನಗೆ ಕೇಳುವುದು ನಿಂತ ಮೇಲೂ ಮಾವ ಗೇಟಿನಲ್ಲೇ ನಿಂತಿದ್ದರು. ಅವರಿಗೆ ಅದು ಯಾವಾಗ ನಿಂತಿತೋ, ಇನ್ನೂ ಕೇಳುತ್ತಿತ್ತೋ, ನಾನು ವಿಚಾರಿಸಲಿಲ್ಲ.

ಆ ಸಂಜೆ ಅಭ್ಯಾಸಬಲದಿಂದ ಕೆಳಗಿಳಿದೆ. ಎಣ್ಣೆಯ ಕಲೆಯೊಂದು ನೆಲದ ಮೇಲಿತ್ತು. ಗಾಡಿ ಇದ್ದಾಗ ಜಾಗ ಇಷ್ಟು ದೊಡ್ಡದೆಂದು ತಿಳಿದಿರಲಿಲ್ಲ. ಚಾರ್ಜರು ಗೂಡಿನಲ್ಲಿತ್ತು, ವೈರು ಎಂಟರ ಆಕಾರದಲ್ಲಿ. ಸ್ವಲ್ಪ ಹೊತ್ತು ಕೂತಿದ್ದು ಮೇಲೆ ಹೋದೆ. ಮಾವ ಬೇಗನೆ ಮಲಗಿದ್ದರು. ರೇಡಿಯೋ ಹಾಕಿರಲಿಲ್ಲ.

ಸೋಮವಾರ ಚಪ್ಪಲಿ ಮೆಟ್ಟುತ್ತ "ಹೊರಟೆ ಮಾವ" ಎಂದೆ. "ಹೂಂ" ಬರಲಿಲ್ಲ. ತಿರುಗಿ ನೋಡಿದರೆ ಅವರೇ ಬಾಗಿಲಿಗೆ ಬಂದಿದ್ದರು. ಕಿಸೆಯಿಂದ ಬಿಲ್ಲೆ ತೆಗೆದು ನನ್ನ ಕಡೆ ಚಾಚಿದರು. ಚಾರ್ಜಿಗೆ ಹಾಕಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ನಾನು ಕೈ ಒಡ್ಡಿದೆ.

"ಕೊಟ್ಟೆ," ಎಂದರು.

"ತಗೊಂಡೆ."

ದಿನವಿಡೀ ಅದು ಚೀಲದಲ್ಲಿ ಬೀಗದ ಕೈಗೆ ತಾಗಿ ಟಿಣ್ ಎನ್ನುತ್ತಿತ್ತು. ಒಂದೆರಡು ಸಲ ಕರಡಿನಿಂದ ತಲೆಯೆತ್ತಿದೆ. ಸಂಜೆ ಬಸ್ಸು ತಪ್ಪಿತು. ಗೇಟು ತೆಗೆಯುವಾಗ ಮಾವ ಮೆಟ್ಟಿಲ ಮೇಲೆ, ನಾನು ಕೂರುತ್ತಿದ್ದ ಜಾಗದಲ್ಲಿ ಕೂತಿದ್ದರು.

"ತಡ ಆಯ್ತಲ್ಲಮ್ಮ ಇವತ್ತು," ಎಂದರು.

"ಬಸ್ಸು ಹೋಗ್ಬಿಟ್ಟಿತ್ತು ಮಾವ. ಮುಂದಿನದು ನಿಲ್ಲಿಸ್ಲೇ ಇಲ್ಲ, ಆಮೇಲಿನದಕ್ಕೆ ನಿಂತ್ಕೊಂಡೇ ಬಂದೆ."

"ಯಾವ ನಂಬರಿಂದು?"

ಹೇಳಿದೆ. ಆ ಬಸ್ಸು ಮೊದಲು ಎಕ್ಸ್‌ಚೇಂಜಿನ ಮುಂದೆಯೇ ಹೋಗುತ್ತಿತ್ತಂತೆ. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನು ಚೀಲದಲ್ಲಿ ಬಿಲ್ಲೆಗಾಗಿ ತಡಕಾಡುತ್ತ ಕೂತೆ.